ಚಕ್ರ ತಿರುಗಿತು, ಮುಳ್ಳು ಏಳಲಿಲ್ಲ

ನಾಲ್ಕು ದಿನದ ಹಿಂದೆ ಬೀಸಿದ ಬಿರುಗಾಳಿಗೆ ಗುಡ್ಡದ ಮೇಲಿನ ಕೇರಿಯ ಮೂರು ಕರೆಂಟು ಕಂಬಗಳು ಉರುಳಿಬಿದ್ದಿದ್ದವು. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದ ಲೈನ್‌ಮನ್‌ಗಳ ಸುಳಿವಿರಲಿಲ್ಲ. ಕಂಬ ಬೀಳಿಸಿದ ಆ ಗಾಳಿಯಾದರೂ ಇದ್ದಿದ್ದರೆ ಬೇರೆ ಮಾತು. ಅದೂ ಮಾರನೆಯ ದಿನದಿಂದಲೇ ನಾಪತ್ತೆಯಾಗಿತ್ತು. ಮರದಲ್ಲಿ ಎಲೆ ಅಲುಗಿದರೆ ಅದೇ ಹೆಚ್ಚು.

ಇಷ್ಟಾದರೂ ಕೇರಿಯ ನಡುವಿನ ಎರಡಂತಸ್ತಿನ ಕಟ್ಟಡದಲ್ಲಿ ಮಾತ್ರ ಕರೆಂಟಿತ್ತು. ಕೆಳಗೆ ಆರೋಗ್ಯ ಕೇಂದ್ರ, ಮೇಲೆ ಟೈಲರಮ್ಮನ ಅಂಗಡಿ, ಅದರ ಮೇಲೆ ತಾರಸಿಯಲ್ಲಿ ಮೂರು ರೆಕ್ಕೆಯ ಒಂದು ಪುಟ್ಟ ಗಾಳಿಯಂತ್ರ. ಗಾಳಿ ಬೀಸಿದಾಗ ಅದು ಮೆಟ್ಟಿಲ ಕೆಳಗಿನ ಬ್ಯಾಟರಿಗಳನ್ನು ತುಂಬಿಸುತ್ತದೆ. ಬ್ಯಾಟರಿಯಿಂದ ಆರೋಗ್ಯ ಕೇಂದ್ರದ ಫ್ರಿಜ್ಜೂ ನಡೆಯುತ್ತದೆ, ಟೈಲರಮ್ಮನ ದೀಪವೂ ಉರಿಯುತ್ತದೆ. ಬಿರುಗಾಳಿಯ ದಿನ ಬ್ಯಾಟರಿ ತುಂಬಿ ತುಳುಕಿತ್ತು. ಆಮೇಲೆ ಬರೀ ಖರ್ಚು, ಜಮೆಯೇ ಇಲ್ಲ.

ಈ ಯಂತ್ರವನ್ನು ಕೂರಿಸಿದವಳು ಬೇರೆ ಯಾರೂ ಅಲ್ಲ, ಟೈಲರಮ್ಮನ ಅಣ್ಣನ ಮಗಳು. ಊರೆಲ್ಲ ಅವಳನ್ನು ಗಾಳಿಪುಟ್ಟಿ ಎಂದೇ ಕರೆಯುತ್ತದೆ. ಕೂರಿಸಿದ ದಿನವೇ ಅವಳು ಮೆಟ್ಟಿಲ ಗೋಡೆಗೆ ಬ್ಯಾಟರಿ ಎಷ್ಟು ತುಂಬಿದೆ ಎಂದು ತೋರಿಸುವ ಒಂದು ಮೀಟರ್ ಹಾಕಿ, "ಅತ್ತೇ, ರೆಕ್ಕೆ ನೋಡ್ಬೇಡಿ, ಈ ಮುಳ್ಳು ನೋಡಿ. ಮುಳ್ಳು ಹಸಿರಿನಲ್ಲಿದ್ರೆ ಮಾತ್ರ ಇಸ್ತ್ರಿ ಪೆಟ್ಟಿಗೆ" ಎಂದು ಹೇಳಿದ್ದಳು. ಅತ್ತೆ ಹೂಂ ಅಂದಿದ್ದರು. ಮರುದಿನವೇ ಮೀಟರಿನ ಮೇಲಿದ್ದ ಮೊಳೆಗೆ ಹೊಲಿದ ರವಿಕೆಗಳನ್ನು ನೇತುಹಾಕಿದ್ದರು. ಅಷ್ಟು ಗಟ್ಟಿ ಮೊಳೆ ಇಡೀ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಟೈಲರಮ್ಮನಿಗೆ ಆ ಯಂತ್ರವನ್ನು ಕಂಡರೆ ಅಷ್ಟಕ್ಕಷ್ಟೆ. ನಿಂತಿದ್ದರೆ "ಸೋಮಾರಿ" ಎಂದು ಮೂಗು ಮುರಿಯುತ್ತಿದ್ದರು. ಮೂವತ್ತು ವರ್ಷ ಕಾಲಿನಿಂದ ಮಷೀನು ತುಳಿದವರು ಅವರು. ಗಾಲಿಗೆ ಅಂಗೈಯಿಂದ ಒಂದು ತಟ್ಟು, ಕಾಲಿನಿಂದ ಒಂದು ಒತ್ತು, ಸೂಜಿ ಓಡಲೇಬೇಕು. ಚಕ್ರ ತಿರುಗಿತೆಂದರೆ ಕೆಲಸ ನಡೆಯಿತೆಂದೇ ಅವರ ಲೆಕ್ಕ.

ಆ ಬೆಳಿಗ್ಗೆ ಕಿಟಕಿಯಿಂದ ಕತ್ತೆತ್ತಿ ನೋಡಿದರೆ, ಮೂರು ದಿನದಿಂದ ನಿಂತಿದ್ದ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು.

"ರೀ, ನೋಡಿದ್ರಾ? ನಮ್ಮ ಸೋಮಾರಿ ಎದ್ದಿದೆ!" ಎಂದರು ಟೈಲರಮ್ಮ.

ಅವರ ಯಜಮಾನರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಈಗ ಗುಂಡಿ ಹೊಲಿಯುವುದು ಅವರ ಪಾಲಿನ ಕೆಲಸ. "ಎದ್ದಿದೆಯೋ, ಮಗ್ಗುಲು ಬದಲಿಸ್ತಾ ಇದೆಯೋ? ಮೀಟರ್ ನೋಡಿ ಬರ್ಲಾ?" ಎಂದರು.

"ಕಣ್ಣಿಗೆ ಕಾಣೋದಕ್ಕೆ ಮೀಟರ್ ಯಾಕ್ರೀ? ಶಾಲೆಯವರಿಗೆ ನಾಳೆ ಹನ್ನೆರಡು ಸಮವಸ್ತ್ರದ ಅಂಗಿ ಕೊಡ್ಬೇಕು. ಮುದುರಿದ ಬಟ್ಟೆ ನನ್ನ ಅಂಗಡಿಯಿಂದ ಯಾವತ್ತಾದ್ರೂ ಹೊರಗೆ ಹೋಗಿದೆಯಾ?"

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕಿದರು. ಮೊದಲ ಅಂಗಿಯಿಂದ ಹಬೆ ಎದ್ದಿತು. ಆರು ಅಂಗಿ ಮುಗಿಯಿತು, ಏಳನೆಯದರ ಕಾಲರಿಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಕೆಂಪು ದೀಪ ಪಕ್ಕನೆ ಆರಿತು. ಅದೇ ಹೊತ್ತಿಗೆ ಕೆಳಗಿನಿಂದ ಕೀ ಕೀ ಎಂಬ ಸದ್ದು ಕೇಳಿಸಿತು.

ಆರೋಗ್ಯ ಕೇಂದ್ರದ ಸಿಸ್ಟರ್ ಮೆಟ್ಟಿಲು ಹತ್ತಿ ಓಡಿಬಂದರು.

"ಟೈಲರಮ್ಮಾ, ಫ್ರಿಜ್ ನಿಂತುಹೋಯ್ತು. ನಾಳೆ ಮಕ್ಕಳಿಗೆ ಹಾಕೋ ಲಸಿಕೆ ಎಲ್ಲ ಅದರಲ್ಲೇ ಇದೆ!"

ನಾಳೆ ಲಸಿಕೆ ಹಾಕಿಸಿಕೊಳ್ಳುವ ಇಪ್ಪತ್ತಮೂರು ಕೂಸುಗಳಲ್ಲಿ ಟೈಲರಮ್ಮನ ಹತ್ತು ವಾರದ ಮೊಮ್ಮಗಳೂ ಒಬ್ಬಳು.

"ಐಸ್ ಡಬ್ಬ ಇದೆಯಲ್ಲ ಸಿಸ್ಟರ್, ಅದರಲ್ಲಿಡಿ."

"ಅದನ್ನ ಡಾಕ್ಟರು ಆಚೆ ಗುಡ್ಡಕ್ಕೆ ತಗೊಂಡು ಹೋಗಿದಾರೆ. ಬರೋದು ನಾಳೆ ಬೆಳಿಗ್ಗೆ. ಈಗ ಒಳಗೆ ಐದು ಡಿಗ್ರಿ ತೋರಿಸ್ತಿದೆ. ಬಾಗಿಲು ತೆಗೀದೇ ಇದ್ರೆ ಸಂಜೆವರೆಗೆ ತಡೀಬಹುದು. ಎಂಟು ಡಿಗ್ರಿ ದಾಟಿದ್ರೆ ನಾನು ಆ ಲಸಿಕೆಗೆ ಕೈ ಹಚ್ಚೋ ಹಾಗಿಲ್ಲ. ಮತ್ತೆ ತರಿಸೋಕೆ ಎಷ್ಟು ವಾರವೋ!"

ತಪ್ಪು ಮಾಡಿದವರ ಬಾಯಿಗೆ ಮೊದಲು ಬರುವುದು ಬೈಗುಳ. "ನಾನು ಆವತ್ತೇ ಹೇಳಿದ್ದೆ, ಆ ಯಂತ್ರ ಬರೀ ಶೋಕಿಗೆ ಅಂತ! ತಿರುಗ್ತಾ ತಿರುಗ್ತಾನೇ ಕೈ ಕೊಡ್ತಲ್ಲ! ಕಿತ್ತು ಬಿಸಾಕಿ ಅದನ್ನ!" ಎಂದು ಟೈಲರಮ್ಮ ಕೂಗಾಡಿದರು. ಯಜಮಾನರು ಗುಂಡಿಯಿಂದ ತಲೆ ಎತ್ತಲಿಲ್ಲ. ಎತ್ತಿದರೆ ಏನಾಗುತ್ತದೆಂದು ಅವರಿಗೆ ನಲವತ್ತು ವರ್ಷದ ಅನುಭವವಿತ್ತು.

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಗಾಳಿಪುಟ್ಟಿ ಏದುಸಿರು ಬಿಡುತ್ತಾ ಬಂದಳು. ಮೆಟ್ಟಿಲಲ್ಲಿ ನಿಂತು, ಮೀಟರಿನ ಮೇಲಿದ್ದ ಹಸಿರು ರವಿಕೆಯನ್ನು ಎತ್ತಿ ನೋಡಿದಳು. ಮುಳ್ಳು ಕೆಂಪಿನ ತಳದಲ್ಲಿ ಮಲಗಿತ್ತು. ಅಂಗಡಿಗೆ ಬಂದು ಸುಮ್ಮನೆ ಇಸ್ತ್ರಿ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು.

ಆಮೇಲೆ ಅತ್ತೆಯತ್ತ ತಿರುಗಿದಳು. ಅವಳು ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಟೈಲರಮ್ಮನಿಗೆ.

"ನಾನೇ ಹಾಕಿದ್ದು ಕಣೇ," ಎಂದರು, ದನಿ ಇಳಿದಿತ್ತು. "ರೆಕ್ಕೆ ತಿರುಗ್ತಾ ಇತ್ತು. ಕರೆಂಟ್ ಬರ್ತಿದೆ ಅಂದ್ಕೊಂಡೆ."

"ಎಲ್ಲರೂ ಹಾಗೇ ಅಂದ್ಕೊಳ್ತಾರೆ ಅತ್ತೆ. ಮೊದಲು ಎಲ್ಲಾ ಸ್ವಿಚ್ ಆರಿಸಿ. ಇನ್ಮೇಲೆ ಬರೋ ಒಂದೊಂದು ಹನಿ ಕರೆಂಟೂ ಫ್ರಿಜ್ಜಿಗೇ ಹೋಗ್ಬೇಕು."

ದೀಪ, ರೇಡಿಯೊ, ಯಜಮಾನರ ಫೋನ್ ಚಾರ್ಜರ್, ಎಲ್ಲವನ್ನೂ ಕಿತ್ತರು. ಸಿಸ್ಟರ್ ಫ್ರಿಜ್ಜಿನ ಬಾಗಿಲಿಗೆ 'ತೆಗೆಯಬೇಡಿ' ಎಂದು ಚೀಟಿ ಅಂಟಿಸಿ, ಅದರ ಮುಂದೆ ಕುರ್ಚಿ ಹಾಕಿ ಕಾವಲು ಕುಳಿತರು. ಟೈಲರಮ್ಮ, ಗಾಳಿಪುಟ್ಟಿ ಇಬ್ಬರೂ ತಾರಸಿಗೆ ಹೋದರು. ಅಷ್ಟರಲ್ಲಿ ರೆಕ್ಕೆಗಳು ಪೂರ್ತಿ ನಿಂತಿದ್ದವು.

ಬಟ್ಟೆ ಒಣಹಾಕುವ ಉದ್ದನೆಯ ಕೋಲು ಮೂಲೆಯಲ್ಲಿತ್ತು. ಟೈಲರಮ್ಮ ಅದನ್ನು ಕೈಗೆತ್ತಿಕೊಂಡು ಯಂತ್ರದ ಸುತ್ತ ಹಾಕಿದ್ದ ಬೇಲಿಯತ್ತ ನಡೆದೇಬಿಟ್ಟರು. "ಒಂದು ಸಲ ತಳ್ಳಿಬಿಡ್ತೀನಿ. ನನ್ನ ಮಷೀನಿಗೂ ಮೊದಲು ಒಂದು ತಟ್ಟು ಬೇಕು."

"ಅತ್ತೇ, ಬೇಡ!" ಗಾಳಿಪುಟ್ಟಿ ಓಡಿಬಂದು ಕೋಲು ಹಿಡಿದುಕೊಂಡಳು. "ನಿಂತಿದೆ ಅಂದ್ರೆ ಸತ್ತಿದೆ ಅಂತ ಅಲ್ಲ. ಒಂದು ಸಣ್ಣ ಬೀಸು ಬಂದ್ರೂ ಎದ್ದುಬಿಡುತ್ತೆ. ಕೋಲು ಸಿಕ್ಕಿಕೊಂಡ್ರೆ ಕೋಲೂ ಹೋಯ್ತು, ಕೈಯೂ ಹೋಯ್ತು. ಬೇಲಿ ಹಾಕಿರೋದು ಅದಕ್ಕೇ."

"ಮತ್ತೆ ಹೇಗೆ ಏಳುತ್ತೆ ಅದು?"

"ತಾನಾಗೇ. ಬನ್ನಿ, ಕೂತ್ಕೊಳ್ಳಿ. ನೋಡಿದ್ದೀರಾ ಯಾವತ್ತಾದ್ರೂ ಇದನ್ನ, ಬೈಯೋದು ಬಿಟ್ಟು?"

ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕುಳಿತರು. ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ಟೈಲರಮ್ಮನ ಕೆನ್ನೆಗೂ ತಿಳಿಯದಷ್ಟು ಸಣ್ಣ ಗಾಳಿ ಎಲ್ಲಿಂದಲೋ ಸುಳಿಯಿತು. ಯಂತ್ರದ ಹಿಂದಿನ ಬಾಲ ಮೆಲ್ಲಗೆ ಹೊರಳಿತು. ಅದರ ಜೊತೆಗೆ ಇಡೀ ತಲೆ ಹೊರಳಿ ಗಾಳಿ ಬಂದ ದಿಕ್ಕಿಗೆ ಮುಖ ಮಾಡಿ ನಿಂತಿತು. ರೆಕ್ಕೆ ಮಾತ್ರ ಅಲುಗಲಿಲ್ಲ.

"ನೋಡಿ, ತಿರುಗೋ ಶಕ್ತಿ ಇಲ್ಲ. ಆದ್ರೂ ಗಾಳಿ ಎಲ್ಲಿಂದ ಬರುತ್ತೆ ಅಂತ ಹುಡುಕ್ಕೊಂಡು ಕೂತಿದೆ. ಇದನ್ನ ಸೋಮಾರಿ ಅಂತೀರಲ್ಲ ಅತ್ತೆ!"

ಟೈಲರಮ್ಮನಿಗೆ ಮೊದಲ ಸಲ ಆ ರೆಕ್ಕೆಗಳ ಆಕಾರ ಕಣ್ಣಿಗೆ ಬಿತ್ತು. ಬುಡದಲ್ಲಿ ಅಗಲ, ತುದಿಗೆ ಹೋದಂತೆ ಸಣ್ಣ, ಉದ್ದಕ್ಕೂ ಒಂದು ಹದವಾದ ತಿರುಚು. ನುರಿತ ಟೈಲರ್ ಕತ್ತರಿಸಿದ ರವಿಕೆಯ ತೋಳಿನ ಹಾಗಿತ್ತು. "ಯಾರು ಕಣೇ ಇದನ್ನ ಕತ್ತರಿಸಿದ್ದು? ಎಷ್ಟು ಚೆನ್ನಾಗಿದೆ!" ಎಂದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

ಇನ್ನೊಂದು ಸುಳಿ ಬಂತು. ರೆಕ್ಕೆಯೊಂದು ಇಷ್ಟು ಸರಿದು ನಿಂತಿತು. ಮತ್ತೆ ಸರಿಯಿತು. ಮೂರನೆಯ ಸಲ ಸರಿದದ್ದು ನಿಲ್ಲದೆ ಮೇಲೇರಿ, ಬಳಸಿ, ಇನ್ನೊಂದು ಸುತ್ತಿಗೆ ಕೈ ಚಾಚಿತು.

"ನಿಂತಿದ್ದನ್ನ ಎಬ್ಬಿಸೋಕೆ ಸ್ವಲ್ಪ ಜಾಸ್ತಿ ಗಾಳಿ ಬೇಕು," ಎಂದಳು ಗಾಳಿಪುಟ್ಟಿ. "ಎದ್ದಮೇಲೆ ಅದಕ್ಕಿಂತ ಕಮ್ಮಿ ಗಾಳಿಯಲ್ಲೂ ನಡೀತಾ ಇರುತ್ತೆ."

"ಹಾಗಾದ್ರೆ ಈಗ ತುಂಬ್ತಾ ಇದೆಯಾ?"

"ಇಲ್ಲ."

"ತಿರುಗ್ತಾ ಇದೆಯಲ್ಲೇ!"

ಗಾಳಿಪುಟ್ಟಿ ಎದ್ದು ನಿಂತಳು. ಆಮೇಲೆ ಅತ್ತೆಯ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ಹೊಲಿಗೆ ಮಷೀನಿನ ಮುಂದೆ ನಿಲ್ಲಿಸಿದಳು.

"ಬಾಬಿನ್‌ಗೆ ದಾರ ಸುತ್ತುವಾಗ ಏನ್ ಮಾಡ್ತೀರಿ ಅತ್ತೆ?"

"ಗಾಲಿ ನಡುವಿನ ತಿರುಪು ಸಡಿಲ ಮಾಡ್ತೀನಿ."

"ಮಾಡಿ. ಈಗ ತುಳೀರಿ."

ಟೈಲರಮ್ಮ ತುಳಿದರು. ಗಾಲಿ ಗಿರಗಿರ ತಿರುಗಿತು. ಸೂಜಿ ನಿಂತಲ್ಲೇ ನಿಂತಿತ್ತು. ದಿನಕ್ಕೆ ನಾಲ್ಕು ಸಲ ತಾವೇ ಮಾಡುವ ಕೆಲಸ ಇದು. ತುಳಿಯುತ್ತಿದ್ದ ಕಾಲು ತಾನಾಗಿ ನಿಂತಿತು.

"ಅಯ್ಯೋ," ಎಂದರು ಟೈಲರಮ್ಮ. "ಗಾಲಿ ಓಡ್ತಿದೆ, ಹೊಲಿಗೆ ಬೀಳ್ತಿಲ್ಲ."

"ಅಷ್ಟೇ ಅತ್ತೆ. ನಿಧಾನವಾಗಿ ತಿರುಗಿದ್ರೆ ಹುಟ್ಟೋ ಕರೆಂಟಿಗೆ ಬ್ಯಾಟರಿ ಒಳಗೆ ನುಗ್ಗೋ ಒತ್ತಡ ಇರೋದಿಲ್ಲ. ಇನ್ನೊಂದಿಷ್ಟು ಗಾಳಿ ಬಂದು ರೆಕ್ಕೆ ಜೋರಾದ್ರೆ, ಆ ತಿರುಪು ಬಿಗಿ ಆದ ಹಾಗೆ. ಆಮೇಲೆ ನೋಡಿ ಅದರ ಪ್ರತಾಪ! ಗಾಳಿಯ ವೇಗ ಎರಡರಷ್ಟಾದ್ರೆ, ಅದರಲ್ಲಿರೋ ಶಕ್ತಿ ಎಂಟರಷ್ಟಾಗುತ್ತೆ."

"ಎಂಟರಷ್ಟಾ!" ಗುಂಡಿ ಹೊಲಿಯುತ್ತಿದ್ದ ಯಜಮಾನರು ಈಗ ತಲೆ ಎತ್ತಿದರು. "ಮತ್ತೆ ಗಾಳಿ ಅರ್ಧ ಆದ್ರೆ?"

"ಎಂಟರಲ್ಲಿ ಒಂದು ಪಾಲು ಮಾವ. ಅದಕ್ಕೇ ಸಣ್ಣ ಗಾಳೀಲಿ ಫ್ರಿಜ್ಜಿಗೆ ಸಾಲೋದೇ ಕಷ್ಟ. ಇಸ್ತ್ರಿ ಪೆಟ್ಟಿಗೆ ಅಂದ್ರೆ ಹತ್ತು ಫ್ರಿಜ್ಜಿನ ಹೊಟ್ಟೆ ಅದಕ್ಕೆ."

ಮಧ್ಯಾಹ್ನ ಕಳೆಯಿತು. ಕೆಳಗಿನಿಂದ ಸಿಸ್ಟರ್ ಗಂಟೆಗೊಮ್ಮೆ ಫ್ರಿಜ್ಜಿನ ಡಿಗ್ರಿ ಕೂಗಿ ಹೇಳುತ್ತಿದ್ದರು: ಆರು. ಆರೂವರೆ. ಏಳು. ಸೊಸೆ ಮೊಮ್ಮಗಳನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಟೈಲರಮ್ಮನಿಗೆ ಆ ಕೂಸಿನ ಮುಖ ನೋಡುವ ಧೈರ್ಯವಾಗಲಿಲ್ಲ. ರವಿಕೆಗಳನ್ನೆಲ್ಲ ತೆಗೆದು ಮೆಟ್ಟಿಲ ಮೇಲೆಯೇ ಕುಳಿತು ಮೀಟರಿಗೆ ಕಣ್ಣು ನೆಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಕಣಿವೆಯ ಕಡೆಯಿಂದ ಕಿಟಕಿಯ ಪರದೆ ಒಮ್ಮೆ ಉಬ್ಬಿತು. ಬಿಟ್ಟು ಮತ್ತೆ ಉಬ್ಬಿತು. ತಾರಸಿಯಿಂದ ಸುಂಯ್ ಎಂಬ ಸಣ್ಣ ಸದ್ದು ಹುಟ್ಟಿ ಬಿಡದೆ ಬೆಳೆಯಿತು. ಮುಳ್ಳು ಒಮ್ಮೆ ನಡುಗಿ, ಕೆಂಪಿನ ತಳದಿಂದ ಕೂದಲೆಳೆಯಷ್ಟು ಎದ್ದಿತು.

"ಎದ್ದಿತು!" ಟೈಲರಮ್ಮ ಕಿರುಚಿದರು.

"ಇನ್ನೂ ಸ್ವಲ್ಪ ತುಂಬ್ಲಿ ಅತ್ತೆ. ಬ್ಯಾಟರಿ ಚೇತರಿಸಿಕೊಳ್ಳದೆ ಫ್ರಿಜ್ಜಿಗೆ ಕರೆಂಟ್ ಬಿಡೋದಿಲ್ಲ."

"ಏಳೂವರೆ!" ಎಂದು ಸಿಸ್ಟರ್ ಕೂಗಿದರು.

ಗಾಳಿ ಏರಿತು, ಮುಳ್ಳು ಏರಿತು. ಕೆಳಗೆ ಟಕ್ ಎಂದು ಒಂದು ಸದ್ದಾಗಿ, ಅದರ ಹಿಂದೆಯೇ ಫ್ರಿಜ್ಜಿನ ಗುರ್ ಎಂಬ ಸದ್ದು ಕೇಳಿತು. ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟರು. ಏಳೂಮುಕ್ಕಾಲು ಡಿಗ್ರಿಗೆ ಹೋಗಿದ್ದ ಲೆಕ್ಕ ಅಲ್ಲಿಂದ ಇಳಿಯತೊಡಗಿತು. ಕತ್ತಲಾಗುವ ಮುಂಚೆ ಐದಕ್ಕೆ ಬಂದು ನಿಂತಿತು.

ಮರುದಿನ ಇಪ್ಪತ್ತಮೂರು ಕೂಸುಗಳಿಗೂ ಲಸಿಕೆಯಾಯಿತು. ಟೈಲರಮ್ಮನ ಮೊಮ್ಮಗಳು ಕಟ್ಟಡ ಬೀಳುವ ಹಾಗೆ ಅತ್ತಳು. ಅಜ್ಜಿ ಮಾತ್ರ ನಗುತ್ತಾ, "ಅಳಲಿ ಬಿಡಿ ಸಿಸ್ಟರ್, ಇಷ್ಟು ಇಂಪಾಗಿ ಯಾರೂ ಅತ್ತಿದ್ದಿಲ್ಲ" ಎಂದರು. ಶಾಲೆಗೆ ಆರು ಅಂಗಿ ಇಸ್ತ್ರಿಯಾಗಿ, ಆರು ಮುದುರಿಕೊಂಡೇ ಹೋದವು. ಯಾರೂ ಏನೂ ಅನ್ನಲಿಲ್ಲ.

ಈಗ ನೀವು ಆ ಕಟ್ಟಡಕ್ಕೆ ಹೋದರೆ ಮೀಟರಿನ ಮೇಲಿನ ಮೊಳೆ ಕಾಣುವುದಿಲ್ಲ. ಟೈಲರಮ್ಮ ಅದನ್ನು ತಮ್ಮ ಕೈಯಾರೆ ಕಿತ್ತಿದ್ದಾರೆ. ತಾರಸಿಯ ಬೇಲಿಗೆ ಎರಡು ಪಟ್ಟಿ ಹೊಲಿದು ಕಟ್ಟಿದ್ದಾರೆ, ಒಂದು ತೆಳು ಮಲ್‌ಮಲ್‌ನದು, ಒಂದು ದಪ್ಪ ಖಾಕಿಯದು. ಮಲ್‌ಮಲ್ ಮಾತ್ರ ಅಲುಗಿದರೆ ಇಸ್ತ್ರಿ ಪೆಟ್ಟಿಗೆಯ ಹೆಸರೆತ್ತುವಂತಿಲ್ಲ. ಖಾಕಿ ಎದ್ದು ಹಾರಿದರೂ, ಮೀಟರ್ ನೋಡಿ ಬಂದ ಮೇಲೆಯೇ ಸ್ವಿಚ್ಚಿಗೆ ಕೈ. ಯಂತ್ರ ನಿಂತಿರುವುದನ್ನು ಕಂಡು ಯಾರಾದರೂ "ಕೆಟ್ಟಿದೆಯಾ?" ಎಂದು ಕೇಳಿದರೆ, "ಕೆಟ್ಟಿಲ್ಲ ಕಣ್ರಪ್ಪಾ, ಕಾಯ್ತಾ ಇದೆ. ಮುಖ ನೋಡಿ ಎತ್ತ ಮಾಡಿದೆ!" ಎಂದು ಅವರೇ ಉತ್ತರ ಕೊಡುತ್ತಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮೇಲೂ, ನಿಮ್ಮ ಶಾಲೆಯ ಮೇಲೂ ಇಂಥದೊಂದು ಯಂತ್ರವಿರಬಹುದು. ನಿಂತಿದೆ ಎಂದು ಬೈಯಬೇಡಿ, ತಳ್ಳಲು ಹೋಗಬೇಡಿ, ಬೇಲಿ ದಾಟಬೇಡಿ. ತಿರುಗುತ್ತಿದೆ ಎಂದು ಹಿಗ್ಗಿ ದೊಡ್ಡ ಸ್ವಿಚ್ ಹಾಕಬೇಡಿ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಮೀಟರ್ ಎಲ್ಲಿದೆ ಎಂದು ಹುಡುಕಿ. ಅದರ ಮೇಲೆ ಯಾರದೋ ಅಂಗಿ ನೇತಾಡುತ್ತಿದ್ದರೆ, ದಯವಿಟ್ಟು ಮೊದಲು ಅದನ್ನು ತೆಗೆಯಿರಿ. ಆ ಮುಳ್ಳನ್ನು ನಂಬಿಕೊಂಡು ಕೆಳಗಿನ ಮನೆಯಲ್ಲಿ ಒಂದು ಕೂಸು ಮಲಗಿರಬಹುದು.