ಹಸುವಿಗೆ ಹೋದ ಮಾತ್ರೆ

ಹಾಗಲವಾಡಿಯ ಆ ಮನೆಯಲ್ಲಿ ಬಸುರಿಯರು ಇಬ್ಬರು. ಒಬ್ಬಳು ಸೊಸೆ ಸುಶ್ಮಿತಾ, ಇನ್ನೊಬ್ಬಳು ಸೀಮೆಹಸು ಗೌರಿ. ಅತ್ತೆ ಗಿರಿಯಮ್ಮನ ಮುದ್ದು ಯಾರ ಮೇಲೆ ಎಂದು ತಿಳಿಯಬೇಕಾದವರು ಕೊಟ್ಟಿಗೆಗೆ ಇಣುಕಿದರೆ ಸಾಕಿತ್ತು. ಮನೆಯ ಹೊಸ ಫ್ಯಾನು ಅಲ್ಲೇ ತಿರುಗುತ್ತಿತ್ತು.

ಆಶಾ ಕಾರ್ಯಕರ್ತೆ ಸುಶ್ಮಿತಾಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆಗಳನ್ನು ಗಿರಿಯಮ್ಮ ಬಾಗಿಲಲ್ಲೇ ಕೈವಶ ಮಾಡಿಕೊಂಡಿದ್ದಳು. ಬಸುರಿ ಅದನ್ನು ತಿಂದರೆ ಮಗುವಿನ ತಲೆ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಅವಳ ಪಾಂಡಿತ್ಯ. ಕರುವಿನ ತಲೆ ಎಷ್ಟು ದಪ್ಪವಾದರೂ ಪರವಾಗಿಲ್ಲವೇನೋ, ಮಾತ್ರೆಗಳು ಪುಡಿಯಾಗಿ ಗೌರಿಯ ಬೂಸಾ ಸೇರುತ್ತಿದ್ದವು. ಜೊತೆಗೆ ಅಂಗಡಿಯ ಕ್ಯಾಲ್ಸಿಯಂ ಟಾನಿಕ್ಕು, ಕ್ಯಾನುಗಟ್ಟಲೆ. ಕಾಲು ಸೆಳೆತ, ಸೊಂಟನೋವು ಎಂದು ಸೊಸೆ ನರಳಿದರೆ, ನಾವೇನು ಹೆತ್ತಿಲ್ಲವೇ ಎಂಬ ಔಷಧಿ ಪುಕ್ಕಟೆ ಸಿಗುತ್ತಿತ್ತು. ಗಂಡ ಗಂಗರಾಜು ತಾಯಿಯ ಎದುರು ತುಟಿ ಬಿಚ್ಚುವ ಪೈಕಿಯಲ್ಲ. ಹೆರಿಗೆಯ ಹೊತ್ತಿಗೆ ತನ್ನ ಸೊಂಟ ಉಳಿಯುತ್ತದೋ ಇಲ್ಲವೋ ಎಂದು ಸುಶ್ಮಿತಾಗೆ ನಿಜವಾಗಿ ಹೆದರಿಕೆಯಾಗಿತ್ತು.

ಗೌರಿ ಕರು ಹಾಕಿದಳು. ಮಾರನೆಯ ಬೆಳಿಗ್ಗೆ ನೆಲ ಹಿಡಿದಳು. ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ವಾಲಿತ್ತು. ಗಂಗರಾಜು ಬೈಕೇರಿ ಗುಬ್ಬಿ ಪೇಟೆಗೆ ಹಾರಿ ದನದ ಡಾಕ್ಟರನ್ನು ಕರೆತಂದ. ಹೆಂಡತಿಯ ಸೊಂಟಕ್ಕಾಗಿ ಆ ಬೈಕು ಒಮ್ಮೆಯೂ ಅಷ್ಟು ಜೋರಾಗಿ ಓಡಿರಲಿಲ್ಲ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ ಎಂದರು ಡಾಕ್ಟರು. ಗಿರಿಯಮ್ಮ ಉರಿದುಬಿದ್ದಳು, ಅಷ್ಟೆಲ್ಲ ಸುರಿದಿದ್ದೇನಲ್ಲ ಎಂದು ಮಾತ್ರೆ, ಟಾನಿಕ್ಕಿನ ಲೆಕ್ಕ ಒಪ್ಪಿಸಿದಳು. ಅದೇ ತಪ್ಪಾಗಿದ್ದು ಎಂದರು ಅವರು, ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತ.

"ಹಾಲು ಬತ್ತಿರೋ ತಿಂಗಳಲ್ಲಿ ಬಾಯಿಗೇ ಅಷ್ಟು ಬಂದ್ ಬಿದ್ರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋ ಕೆಲಸಾನೇ ಹಸುವಿನ ಮೈ ಮರ್ತುಬಿಡ್ತದೆ ಕಣಮ್ಮ. ಕರು ಹಾಕ್ದಾಗ ಇರೋದನ್ನೆಲ್ಲ ಹಾಲು ಎಳ್ಕೊಂಡ್ರೆ, ರಕ್ತಕ್ಕೆ ಎಲ್ಲಿಂದ ಬರ್ಬೇಕು?"

ಆಮೇಲೆ, ಗೋಡೆ ಹಿಡಿದು ನಿಂತಿದ್ದ ಸುಶ್ಮಿತಾಳನ್ನು ನೋಡಿ, ಮನುಷ್ಯರ ಕಥೆ ಬೇರೆ, ಬಸುರಿ ಹೆಂಗಸು ತಿನ್ನದಿದ್ದರೆ ಮಗು ಅವಳ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ ಎಂದರು. ಆ ಮಾತು ಬಿದ್ದಿದ್ದು ಸುಶ್ಮಿತಾ ಒಬ್ಬಳ ಕಿವಿಗೆ. ಉಳಿದವರ ಕಣ್ಣೆದುರು ಗೌರಿ ತೇಗಿ, ನಡುಗಿ, ಎದ್ದು ನಿಂತಿದ್ದಳು. ಗಿರಿಯಮ್ಮ ಅವಳ ಕೊರಳು ತಬ್ಬಿ ಅತ್ತಳು.

ಆಶಾ ಕಾರ್ಯಕರ್ತೆ ಮತ್ತೆ ಮಾತ್ರೆ ತಂದಾಗ ಗಿರಿಯಮ್ಮ ತಾನೇ ಅದನ್ನು ಒಯ್ದು ಸೊಸೆಯ ಕೈಗಿಟ್ಟಳು. ಲೋಟದಲ್ಲಿ ನೀರೂ ಇತ್ತು. ಕೊನೆಗೂ ಅತ್ತೆಗೆ ತಾನು ಕಂಡೆನಲ್ಲ ಎಂದು ಸುಶ್ಮಿತಾಗೆ ಎದೆ ತುಂಬಿ ಬಂತು.

"ತಗೊ, ನೀನೇ ತಿನ್ನವ್ವ," ಎಂದಳು ಗಿರಿಯಮ್ಮ. "ಹಸೂಗೆ ಆಗ್ಬರಲ್ವಂತೆ."