ಮೊದಲು ಹೋದ ಕಾಲು

ಹುಹಾನ ಸತ್ತ ಗಂಡನ ಬಲಗಾಲಿನ ಬೂಟನ್ನು ಜಗ್ಗುತ್ತಿದ್ದಳು, ಅದು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಲೇಸು ಬಿಚ್ಚಿಯಾಗಿತ್ತು. ಶವಪೆಟ್ಟಿಗೆಯ ಅಂಚಿಗೆ ಮೊಣಕೈ ಊರಿ ಇನ್ನೊಮ್ಮೆ ಎಳೆದಳು. ಪೆಟ್ಟಿಗೆ ಕಿರ್ರೆಂದಿತು. ಮಾವೊರಿ ಕುಲದ ಸಭೆಯ ಮನೆಯೊಳಗೆ ಗೋಡೆಗೊರಗಿ ಕೂತಿದ್ದ ಮುದುಕಿಯರು ಹಾಡು ನಿಲ್ಲಿಸಿ ಇತ್ತ ನೋಡಿದರು.

"ಅಮ್ಮಾ, ಏನ್ ಮಾಡ್ತಿದೀಯ? ಎಲ್ಲಾ ನೋಡ್ತಿದಾರೆ," ಎಂದು ಮಗಳು ಅನಹೇರ ಪಿಸುಗುಟ್ಟಿದಳು.

"ನೋಡ್ಲಿ. ಈ ಬೂಟು ಹಾಕಿದ್ಯಾರು?"

"ಅಪ್ಪನ್ನ ಸಿದ್ಧ ಮಾಡೋರಿಗೆ ಸೂಟಿನ ಜೊತೆ ನಾನೇ ಕೊಟ್ಟು ಕಳಿಸ್ದೆ. ಎಡಗಾಲಿನದು ಹೇಗೂ ಹಾಕ್ಕೊಳ್ತಿದ್ರು. ಇದು ಡಬ್ಬದಲ್ಲಿ ಹೊಸದಾಗೇ ಬಿದ್ದಿತ್ತು. ಜೋಡಿ ಆಗ್ಲಿ ಅಂತ..."

"ಜೋಡಿಯಂತೆ ಜೋಡಿ! ಊರಿಗೆ ಊರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರೋ ಮನೆ ಇದು. ಬೀದೀಲೂ ಬರಿಗಾಲಲ್ಲಿ ಓಡಾಡಿದೋನನ್ನ ಇದರೊಳಗೆ ಬೂಟು ಹಾಕಿ ಮಲಗಿಸಿದೀಯಲ್ಲೇ, ನಿನಗೇನು ಹೇಳ್ಲಿ?"

ಎರಡು ದಿನದಿಂದ ಹುಹಾನ ಅವನ ಮುಖವನ್ನಷ್ಟೇ ನೋಡಿದ್ದಳು. ಸೊಂಟದಿಂದ ಕೆಳಗೆ ರಜಾಯಿ ಹೊದಿಸಿತ್ತು, ಅದನ್ನೆತ್ತಲು ಧೈರ್ಯ ಬಂದಿರಲಿಲ್ಲ. ಇವತ್ತು ಮುಚ್ಚಳ ಹಾಕುವ ದಿನ. ಕೊನೆಯ ಸಲ ಅಂಗಾಲು ಮುಟ್ಟೋಣವೆಂದು ಎತ್ತಿದರೆ ಕರಿ ಬೂಟು ಫಳಫಳ ಎನ್ನುತ್ತಿತ್ತು.

"ಎಳಿ ಎಳಿ, ಬಿಡಬೇಡ," ಎಂದ ಅವಳ ಅಣ್ಣ ಪಾವೊರ. ಈ ಮನೆಯ ಪರವಾಗಿ ಎದ್ದು ಮಾತಾಡುವ ಹಿರಿಯ ಅವನೇ. "ತಿಯೋಪಿರ ಬೂಟಲ್ಲಿ ಹೋದ್ರೆ ಅಲ್ಲಿರೋ ಹಿರೀಕರು ಗುರುತೇ ಹಿಡಿಯಲ್ಲ. ಇವನ್ಯಾವನೋ ಸಾಲ ವಸೂಲಿಗೆ ಬಂದೋನು ಅಂತ ಕದ ಹಾಕ್ಕೋತಾರೆ."

ಮುದುಕಿಯರು ಕಣ್ಣೊರೆಸಿಕೊಂಡೇ ನಕ್ಕರು. "ಅವನದು ಕಾಲೇ? ಗೊರಸು," ಎಂದಳು ಒಬ್ಬಳು. "ನಮ್ಮ ನಾಯಿ ಕುಂಟಿದ ಮುಳ್ಳುದಾರೀಲಿ ಸೀಟಿ ಹೊಡ್ಕೊಂಡು ಹೋದ ಪುಣ್ಯಾತ್ಮ."

ಬೂಟು ಬಂತು. ಹುಹಾನ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು. ಬೀಸಣಿಗೆಯಂತೆ ಬಿಚ್ಚಿಕೊಂಡ ಬೆರಳು. ಯಾವ ಸೋಪಿಗೂ ಜಗ್ಗದ ಹಿಮ್ಮಡಿಯ ಕಪ್ಪು ಬಿರುಕುಗಳನ್ನು ಯಾರೋ ತಿಕ್ಕಿ ತಿಕ್ಕಿ ಬಿಳಿ ಮಾಡಿದ್ದರು. ಅವಳು ಆ ಬಿರುಕುಗಳ ಮೇಲೆ ಹೆಬ್ಬೆರಳು ಆಡಿಸಿದಳು.

ಬಾಗಿಲಲ್ಲಿ ಪಾವೊರನ ಮಗ ಮತಿಯು ಮೊಣಕಾಲತನಕ ಕೆಸರು ಮೆತ್ತಿಕೊಂಡು ನಿಂತಿದ್ದ. "ಅತ್ತೆ, ಗುಂಡಿ ತೋಡಿಯಾಯ್ತು. ಗುಡ್ಡದ ಮೇಲೆ, ಅಜ್ಜ ಅಜ್ಜಿ ಮಗ್ಗುಲಿಗೇ. ಪಕ್ಕದಲ್ಲಿ ನಿಮಗೂ ಜಾಗ ಬಿಟ್ಟಿದೀನಿ."

"ಯಾರೋ ನಿನಗೆ ಈಗ್ಲೇ ತೋಡು ಅಂದೋರು?" ಪಾವೊರ ರೇಗಿದ. "ಅವನ ತಾಯಿ ಕಡೆಯೋರು ಇನ್ನೂ ಬಂದಿಲ್ಲ, ಎಲ್ಲಿ ಮಣ್ಣು ಮಾಡೋದು ಅನ್ನೋ ಮಾತುಕತೆ ಆಗಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದಂಗೆ! ತೆರೆದ ಗುಂಡೀನ ಬರಿಹೊಟ್ಟೇಲಿ ಮುಚ್ಚೋ ಹಾಗಿಲ್ಲ, ಒಳಗೆ ಏನಾದ್ರೂ ಇಡ್ಲೇಬೇಕು, ಗೊತ್ತಲ್ಲ?"

"ಬರಿಹೊಟ್ಟೆ ಯಾಕಿರತ್ತೆ? ಅವನು ಇಲ್ಲೇ ತಾನೇ ಇರೋದು," ಎಂದಳು ಹುಹಾನ.

ಅಷ್ಟರಲ್ಲಿ ಹೊರಗೆ ಬಸ್ಸೊಂದು ಏದುಸಿರು ಬಿಡುತ್ತ ಗೇಟಿನ ಮುಂದೆ ನಿಂತಿತು.

*

ತಿಯೋಪಿರ ಹುಟ್ಟಿದ್ದು ಪೂರ್ವ ಕರಾವಳಿಯಲ್ಲಿ. ಹುಹಾನಳ ಪಶ್ಚಿಮದ ಊರಿಗೆ ಮಾಂಸದ ಕಾರ್ಖಾನೆಯ ಕೆಲಸಕ್ಕೆಂದು ಬಂದವನು ಇಲ್ಲಿಯೇ ನಿಂತ. ಕಾರ್ಖಾನೆಯಲ್ಲಿ ದಿನವಿಡೀ ಬಿಳಿ ರಬ್ಬರ್ ಬೂಟು ಕಡ್ಡಾಯ. ಗೇಟು ದಾಟಿದ್ದೇ ತಡ, ಅದನ್ನು ಕಳಚಿ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದ. ಊರಿನ ಕುಣಿತಕ್ಕೂ ಬರಿಗಾಲಲ್ಲೇ ಬಂದ. ಹುಹಾನಳ ಚೂಪು ಹಿಮ್ಮಡಿಯ ಚಪ್ಪಲಿ ಅವನ ಪಾದದ ಮೇಲೆ ಬಿತ್ತು.

"ಅಯ್ಯೋ, ನೋವಾಯ್ತಾ?"

"ನಿಮ್ಮ ಚಪ್ಪಲಿಗೆ ಏನಾಯ್ತು ನೋಡ್ಕೊಳ್ಳಿ," ಅಂದ.

ಬರಿಗಾಲಲ್ಲಿ ಅಂಗಡಿಗೆ ಹೋದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳು ಶಾಲೆಗೇ ಹಾಗೆ ಹೋಗುತ್ತಾರೆ, ಬಿಳಿಯರ ಮಕ್ಕಳು, ಮಾವೊರಿ ಮಕ್ಕಳು, ಎಲ್ಲರೂ. ಆದರೂ ಮದುವೆಗೆ, ಕೋರ್ಟಿಗೆ, ಸಾವಿಗೆ ಅಂತ ಪ್ರತಿಯೊಬ್ಬನ ಮಂಚದ ಕೆಳಗೂ ಒಂದು ಜೊತೆ ಬೂಟಿರುತ್ತದೆ. ತಿಯೋಪಿರನಿಗೆ ಅದೂ ಇರಲಿಲ್ಲ. ಊರಿನ ಕ್ಲಬ್ಬಿನವರು ಬರಿಗಾಲಿನವರಿಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕಿದಾಗ ಇವನು ಮೆಟ್ಟಿಲ ಮೇಲೆ ಕೂತು ಕಿಟಕಿಯಿಂದ ಬಿಯರ್ ತರಿಸಿಕೊಂಡ. ತಿಂಗಳೊಪ್ಪತ್ತಿನಲ್ಲಿ ಗೆಳೆಯರೆಲ್ಲ ಗ್ಲಾಸು ಹಿಡಿದು ಮೆಟ್ಟಿಲಿಗೇ ಬಂದು ಕೂತರು, ಒಳಗೆ ಮ್ಯಾನೇಜರನೊಬ್ಬನೇ ಉಳಿದ.

"ಯಾಕಿಷ್ಟು ಹಠ?" ಎಂದು ಹುಹಾನ ಒಮ್ಮೆ ಕೇಳಿದ್ದಳು.

"ಚಳಿಗಾಲದಲ್ಲಿ ಶಾಲೆಗೆ ಹೋಗ್ತಾ ಹುಲ್ಲೆಲ್ಲಾ ಹಿಮ ಬಿದ್ದು ಬಿಳೀ ಆಗಿರ್ತಿತ್ತು. ಅಕ್ಕ ಕತರೈನ ಮಲಗಿರೋ ಹಸೂನ ಎಬ್ಬಿಸೋಳು. ಅದು ಮಲಗಿದ್ದ ಜಾಗ ಬೆಚ್ಚಗಿರತ್ತಲ್ಲ, ಅದರಲ್ಲಿ ನಾವಿಬ್ರೂ ನಿಲ್ಲೋದು. ಆಮೇಲೆ ಇನ್ನೊಂದು ಹಸೂವರೆಗೆ ಓಟ. ಆ ಬಿಸಿ ಇನ್ನೂ ಅಂಗಾಲಲ್ಲಿದೆ ಕಣೇ. ಬೂಟು ಹಾಕಿದ್ರೆ ಆರಿಹೋಗತ್ತೆ."

ಆಮೇಲೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಸ್ಪರ್ಶ ಹೋಗುತ್ತದೆ, ಇನ್ನು ಬೂಟಿಲ್ಲದೆ ಹೊಸಿಲು ದಾಟಬೇಡ ಎಂದರು ಡಾಕ್ಟರು. ಹುಹಾನ ಒಂದು ಜೊತೆ ಕರಿ ಬೂಟು ತಂದಳು. ಬೈದಳು, ಅತ್ತಳು, ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ನನ್ನ ಕಾಲು ನನಗೆ ಸುಳ್ಳು ಹೇಳಲ್ಲ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ತೋಟದಿಂದ ಅಡುಗೆಮನೆಗೆ ಬಂದು, ನೀರು ಕುಡಿದು, ಹಿಂತಿರುಗಿ ನೋಡಿ ಕೇಳಿದ: "ಬೀಟ್‌ರೂಟ್ ಚೆಲ್ಲಿದ್ಯಾರೇ, ನೆಲದ ತುಂಬಾ?"

ಬಾಗಿಲಿನಿಂದ ಸಿಂಕಿನವರೆಗೆ ಒಂದು ಬಿಟ್ಟು ಒಂದು ಕೆಂಪು ಹೆಜ್ಜೆ ಬಿದ್ದಿತ್ತು. ಹುಹಾನ ಅವನನ್ನು ಕುರ್ಚಿಗೆ ನೂಕಿ ಎಡಗಾಲು ಎತ್ತಿದಳು. ಬಾಟಲಿಯ ಚೂರು ಅಂಗಾಲಿನೊಳಗೆ ಪೂರ್ತಿ ಇಳಿದಿತ್ತು. ಅವನು ತನ್ನ ಪಾದವನ್ನು ಯಾರದೋ ಎಂಬಂತೆ ನೋಡುತ್ತ ಕೂತ. ಅಷ್ಟು ವರ್ಷದಲ್ಲಿ ಅವನು ಹೆದರಿದ್ದನ್ನು ಅವಳು ಕಂಡಿದ್ದು ಅವತ್ತೇ.

ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲ ಕೆಳಗಿನಿಂದ ಇಡೀ ಕಾಲು. ಮೈಯ ಭಾಗವನ್ನು ಕಸಕ್ಕೆ ಹಾಕುವವರಲ್ಲ ನಾವು. ಆಸ್ಪತ್ರೆಯವರು ತೆಗೆದದ್ದನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಹಿಂದೆ ಕೊಟ್ಟರು. ಅಕ್ಕ ಕತರೈನ ಬಂದಿದ್ದಳು. ಮಂಪರಿನಲ್ಲೇ ಅವನು, "ಊರಲ್ಲಿ ಅಮ್ಮನ ಗೋರಿ ಹತ್ರ ಇಡಕ್ಕಾ, ಅದಕ್ಕೆ ದಾರಿ ಗೊತ್ತು," ಅಂದ. ಹುಹಾನ ಹೂಂಗುಟ್ಟಿದಳು. ಆಳು ಉಳಿದನಲ್ಲ, ಒಂದು ಕಾಲಿಗೆ ಯಾರು ಚೌಕಾಸಿ ಮಾಡುತ್ತಾರೆ?

ಕೃತಕ ಕಾಲನ್ನು ಬೂಟಿನ ಎತ್ತರಕ್ಕೆಂದೇ ಹೊಂದಿಸಿದ್ದರು. ಬೂಟಿಲ್ಲದೆ ಅದನ್ನು ಊರಿದರೆ ಹಿಂದಕ್ಕೆ ವಾಲುತ್ತಿದ್ದ. ಹೀಗೆ ಎಡಕ್ಕೆ ಬೂಟು ಬಂತು, ಬಲ ಬರಿದಾಗಿಯೇ ಉಳಿಯಿತು. ಆ ವೇಷದಲ್ಲಿ ಕ್ಲಬ್ಬಿನ ಬಾಗಿಲಿಗೆ ಹೋಗಿ, "ಈಗ ಅರ್ಧ ಒಳಗೆ ಬರ್ಲಾ?" ಎಂದು ಕೇಳಿದನಂತೆ. ಊರೆಲ್ಲ ನಕ್ಕಿತು. ಮನೆಗೆ ಬಂದು ಅವನು ಹಿತ್ತಲಲ್ಲಿ ಒಬ್ಬನೇ ಬಹಳ ಹೊತ್ತು ಕೂತಿದ್ದ.

*

ಪೂರ್ವದವರು ಅಳುತ್ತ ಒಳಬಂದರು, ಮೂಗಿಗೆ ಮೂಗು ತಾಗಿಸಿ ವಂದಿಸಿದರು, ಪೆಟ್ಟಿಗೆಯ ಎದುರಿಗೆ ಕೂತರು. ಕತರೈನ ಕೋಲೂರಿ ಎದ್ದು ನಿಂತಳು. ಅವರಲ್ಲಿ ಹೆಂಗಸರೂ ಸಭೆಯಲ್ಲಿ ಎದ್ದು ಮಾತಾಡುವುದುಂಟು. ಇಲ್ಲಿನ ಗಂಡಸರಿಗೆ ಅದು ನುಂಗಲಾರದ ತುತ್ತು, ಆದರೂ ತಡೆಯಲಿಲ್ಲ. ಹುಹಾನ ಅವಳ ಮುಖ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಿದ್ದ ಅವಳ ಕಾಲನ್ನೇ ನೋಡಿದಳು. ಅದೇ ಅಗಲ, ಅದೇ ಬಿಚ್ಚಿದ ಬೆರಳು, ಅದೇ ಕಪ್ಪು ಬಿರುಕು. ಗಂಡನ ಕಾಲು ಜೀವಂತವಾಗಿ ಎದುರಿಗೆ ಬಂದು ನಿಂತಂತಿತ್ತು.

"ನನ್ನ ತಮ್ಮ ಆಗ್ಲೇ ಮನೆಗೆ ಬಂದಿದಾನೆ," ಎಂದಳು ಕತರೈನ. "ಮೊದಲು ಕಾಲು ಬಂತು. ಉಳಿದಿದ್ದನ್ನ ಕರ್ಕೊಂಡು ಹೋಗೋಕೆ ಬಂದಿದೀವಿ."

ಪಾವೊರ ತಡಮಾಡದೆ ಎದ್ದ. "ಮೀಸೆ ಬಂದಾಗಿಂದ ನಮ್ಮ ನೆಲ ತುಳಿದೋನು ಅವನು. ಒಂದು ಕಾಲು ಇಟ್ಕೊಂಡು ಇಡೀ ಆಳನ್ನ ಕೇಳ್ತೀರಲ್ಲ, ಚೆನ್ನಾಗಿದೆ ನಿಮ್ಮ ವ್ಯಾಪಾರ! ಬಹುಪಾಲು ನಮ್ಮಲ್ಲಿದೆ. ಆ ಕಾಲನ್ನೇ ಇಲ್ಲಿಗೆ ತಂದುಬಿಡಿ."

ನಗು ಎದ್ದಿತು. ಪೂರ್ವದವರೂ ನಕ್ಕರು. ಸತ್ತವನಿಗಾಗಿ ಜಗಳವಾಡದಿದ್ದರೆ ಸತ್ತವನಿಗೇ ಅವಮಾನ.

"ತರಬಹುದು," ಎಂದಳು ಕತರೈನ. "ಅದನ್ನ ಅಮ್ಮನ ಗೋರಿಯೊಳಗೇ ಇಟ್ಟಿದೀವಿ, ಅವಳ ಮಡಿಲಿಗೆ. ಅಮ್ಮನ್ನ ಎಬ್ಬಿಸ್ತೀಯೇನಪ್ಪ? ಬಾ, ಹಾರೆ ನಾನೇ ಕೊಡ್ತೀನಿ."

ನಗು ನಿಂತಿತು. ಪಾವೊರ ಕೂತ. ಕತರೈನ ಪೆಟ್ಟಿಗೆಯ ಬಳಿ ಬಂದು ಹುಹಾನಳ ಎದುರಿಗೆ ಕಷ್ಟಪಟ್ಟು ಕುಕ್ಕರಿಸಿದಳು. ಈಗ ದನಿ ತಗ್ಗಿತ್ತು.

"ಹುಹಾನ, ಎಲ್ಲ ಸತ್ತವರ ಹಾಗೆ ಅವನೂ ಉತ್ತರದ ತುದಿವರೆಗೆ ನಡೀಬೇಕು, ಅಲ್ಲಿಂದಲೇ ಹಿರೀಕರ ಹತ್ರ ಇಳಿಯೋದು. ಪ್ಲಾಸ್ಟಿಕ್ ಕಾಲಲ್ಲಿ ಕಳಿಸ್ತೀಯಾ?"

"ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ನಿನ್ನ ಪಕ್ಕದಲ್ಲೇ ಮಲಗ್ತೀನಿ ಅಂದಿದ್ದ ಅಕ್ಕಾ."

"ಅಂದಿರ್ತಾನೆ. ಹೆಂಡತಿ ಕೈ ಹಿಡ್ಕೊಂಡು ಇನ್ನೇನಂತಾನೆ?" ಅಂದವಳು ಮರುಗಳಿಗೆ ತುಟಿ ಕಚ್ಚಿಕೊಂಡಳು. "ನಿನ್ನ ಮಾತು ನಾವು ದಾಟಲ್ಲ. ಬೇಡ ಅನ್ನು, ಬಸ್ಸು ಹಾಗೇ ವಾಪಸ್ ಹೋಗತ್ತೆ. ಅವನು ಗುಡ್ಡದ ಮೇಲೆ ನಿನ್ನ ಹತ್ರ ಇರ್ತಾನೆ."

ಎಲ್ಲರೂ ಹುಹಾನಳನ್ನು ನೋಡಿದರು. ಅನಹೇರ ಅವಳ ಭುಜ ಒತ್ತಿದಳು. 'ಬೇಡ' ಎನ್ನುವ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಜೀವನದಲ್ಲಿ ಉಳಿದ ಆಸೆಯೆಂದರೆ ಅವನ ಪಕ್ಕ ಮಲಗುವುದೊಂದೇ.

*

ಕಾಲು ತೆಗೆದ ಮೊದಲ ಚಳಿಗಾಲ. ಬೆಳಕು ಹರಿಯುವ ಹೊತ್ತಿಗೆ ಅವನು ಅವಳನ್ನು ತಟ್ಟಿ ಎಬ್ಬಿಸುತ್ತಿದ್ದ.

"ಅಲ್ಲಿ ಹಿಮ ಬಿದ್ದಿದೆ ಇವತ್ತು. ಕಾಲು ಕೊರೀತಿದೆ."

"ಯಾವ ಕಾಲು?"

"ಅಲ್ಲಿರೋದು."

ಮೈಗೆ ಅಂಟಿದ್ದಾಗ ಗಾಜಿನ ಚೂರು ಇಳಿದರೂ ತಿಳಿಯದ ಕಾಲು, ಅಷ್ಟು ದೂರದ ಮಣ್ಣಿನೊಳಗೆ ಹೋದ ಮೇಲೆ ಚಳಿ ಎನ್ನುತ್ತಿತ್ತು. ಡಾಕ್ಟರು ಅದಕ್ಕೇನೋ ಹೆಸರು ಹೇಳಿ ಮಾತ್ರೆ ಕೊಟ್ಟರು, ಕಡಿಮೆಯಾಗಲಿಲ್ಲ. ಹುಹಾನ ಎದ್ದು ಕೂತು, ಮೊಣಕಾಲಿನ ಕೆಳಗೆ ಏನೂ ಇಲ್ಲದ ಜಾಗದಲ್ಲಿ ಕಂಬಳಿಯನ್ನು ಕಾಲಿನ ಆಕಾರಕ್ಕೆ ಸುತ್ತಿ ಮೆಲ್ಲಗೆ ಉಜ್ಜುತ್ತಿದ್ದಳು.

"ಈಗ ಬೆಚ್ಚಗಾಯ್ತಾ?"

"ಇಲ್ಲ ಕಣೇ," ಎಂದು ಮಗುವಿನ ಹಾಗೆ ಅಳುತ್ತಿದ್ದ. "ಒಂದೇ ನಿಂತಿದೆ ಅದು. ಹಸುಗಳೂ ಇಲ್ಲ ಅಲ್ಲಿ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

"ಕರ್ಕೊಂಡು ಹೋಗಿ," ಎಂದಳು ಹುಹಾನ.

"ಅಮ್ಮಾ! ಯಾಕೆ?"

"ಅಲ್ಲಿ ಅದೊಂದೇ ಇದೆ."

ಅನಹೇರಳಿಗೆ ಅರ್ಥವಾಗಲಿಲ್ಲ. ಕತರೈನ ಹುಹಾನಳ ಹಣೆಗೆ ಹಣೆ ಒತ್ತಿ ದನಿಯೆತ್ತಿ ಅತ್ತಳು. ಹುಹಾನಳಿಗೆ ಅಳು ಬರಲಿಲ್ಲ. ಎದೆಯೊಳಗೆ ಬಾಚಿ ಬಳಿದಂತೆ ಬರಿದಾಗಿತ್ತು. ಯಾವುದಕ್ಕೆ ಬೂಟು ಹಾಕು ಎಂದು ತಾನು ಎಷ್ಟೋ ವರ್ಷ ಕಾದಾಡಿದ್ದಳೋ ಆ ಕಾಲು ಅವನ ಜೀವವನ್ನು ಒಯ್ದದ್ದು ಸಾಲದೆ ಈಗ ಹೆಣವನ್ನೂ ಒಯ್ಯುತ್ತಿತ್ತು. ತನ್ನ ಕುಲ ತನ್ನನ್ನು ಪೂರ್ವಕ್ಕೆ ಬಿಟ್ಟುಕೊಡುವುದಿಲ್ಲ, ತಾನು ಸತ್ತಾಗ ಗುಡ್ಡದ ಮೇಲೆ ಒಬ್ಬಳೇ ಮಲಗಬೇಕು. ಅದಕ್ಕೆ ಪರಿಹಾರವಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಮುಚ್ಚಳ ಹಾಕುವ ಮುನ್ನ ಕತರೈನ ಕೃತಕ ಕಾಲನ್ನು ತೋರಿಸಿದಳು. "ಇದು ಬೇಡ. ಅವನದೇ ಅಲ್ಲಿ ಕಾಯ್ತಿದೆ."

ಪಟ್ಟಿ ಬಿಚ್ಚುವುದು ಹುಹಾನಳಿಗೆ ದಿನನಿತ್ಯದ ಅಭ್ಯಾಸ. ಬೂಟಿನ ಸಮೇತ ಕಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಪೆಟ್ಟಿಗೆಯನ್ನು ಹೊರಗೆ ಒಯ್ದರು. ಹೆಂಗಸರು ಅವಳ ಚೀಲ, ಕೋಟು ತಂದು ಬಸ್ಸಿಗೆ ಹಾಕಿದರು. ಗಂಡನ ಜೊತೆ ಅವಳೂ ಹೊರಡಬೇಕು, ಮಣ್ಣು ಮಾಡಿ ಒಂಟಿಯಾಗಿ ಹಿಂತಿರುಗಬೇಕು.

ಮತಿಯು ತಲೆ ತಗ್ಗಿಸಿ ಹತ್ತಿರ ಬಂದ. "ಅತ್ತೆ, ತಪ್ಪಾಯ್ತು. ಗುಂಡಿ ಹಾಗೇ ಇದೆ. ಮರದ ದಿಮ್ಮಿ ಹಾಕಿ ಮುಚ್ಚು ಅಂತಾರೆ ಅಪ್ಪ."

"ದಿಮ್ಮಿ ಬೇಡ. ನಡಿ."

ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಗುಡ್ಡ ಹತ್ತಿದಳು. ಗುಂಡಿಯ ಗೋಡೆಗಳನ್ನು ಮತಿಯು ನೇರವಾಗಿ, ನುಣ್ಣಗೆ ಕೆತ್ತಿದ್ದ. ಪಕ್ಕದಲ್ಲಿ ಅವಳಿಗೆಂದು ಬಿಟ್ಟ ಜಾಗದಲ್ಲಿ ಹುಲ್ಲು ಹಾಗೇ ನಿಂತಿತ್ತು. ಅವಳು ಅದರ ಮೇಲೆ ಕೂತಳು. ಬೂಟಿನ ಲೇಸು ಸಡಿಲವಾಗಿತ್ತು. ಅದನ್ನು ಬಿಗಿಯಾಗಿ ಎಳೆದು, ಮೊದಲ ದಿನ ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ ಎರಡೆರಡು ಗಂಟು ಹಾಕಿದಳು. ಅಂಗಿಯ ತೋಳಿನಿಂದಲೇ ಬೂಟಿನ ತುದಿ ಒರೆಸಿದಳು.

ಮತಿಯು ಗುಂಡಿಗಿಳಿದು ಕೈಚಾಚಿದ. "ಹೇಗಿಡ್ಲಿ ಅತ್ತೆ?"

"ನನ್ನ ಕಡೆಗೆ ಇಡೋ."

ಅವನು ಇಟ್ಟು, ಮೇಲೆ ಬಂದು, ಸಲಿಕೆ ಹಿಡಿದ. ಕೆಳಗೆ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಒಬ್ಬ ಆಳಿಗೆಂದು ತೋಡಿದ ಗುಂಡಿಯ ಒಂದು ಮೂಲೆಯಲ್ಲಿ ಆ ಕಾಲು ಒಂದೇ ಮಲಗಿತ್ತು. ಮಣ್ಣು ಬಿದ್ದಿತು. ಪಟ್ಟಿ ಮುಚ್ಚಿತು, ಲೇಸಿನ ಗಂಟು ಮುಚ್ಚಿತು, ಪಾಲಿಶ್ ಹಾಕಿದ ತುದಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತಿತ್ತು.