ಕೊಯ್ದವರೇ ಕೇಳಿದರೆ

“ಗಾಡಿ ಶುರು ಮಾಡಪ್ಪಾ, ಯಾರಿಗೂ ಕಾಯೋದು ಬೇಡ!” ಎಂದು ಅವಳು ಬಾಗಿಲಲ್ಲಿ ನಿಂತು ಶವದ ಗಾಡಿಯ ಡ್ರೈವರನಿಗೆ ಕೂಗಿದಳು. ಪಾಪ, ಅವನು ಕೀಲಿ ತಿರುಗಿಸಿದ. ಮೈದುನ ಓಡಿಹೋಗಿ ಕಿಟಕಿಯೊಳಗೆ ಕೈ ತೂರಿಸಿ ಇಂಜಿನ್ ಆರಿಸಿದ.

“ಅತ್ತಿಗೆ, ಡಾಕ್ಟ್ರು ದಾರೀಲಿದಾರಂತೆ. ಅಷ್ಟು ದೊಡ್ಡ ಮನುಷ್ಯ ಬರ್ತೀನಿ ಅಂದ ಮೇಲೆ ಹೆಂಗೆ ಎತ್ಕೊಂಡು ಹೋಗೋದು?”

“ದೊಡ್ಡ ಮನುಷ್ಯ! ಅವರು ಬದುಕಿದ್ದಾಗ ಒಂದ್ಸಲ ಈ ಮನೆ ಮೆಟ್ಟಿಲು ಹತ್ತಿದ್ನಾ ಆ ದೊಡ್ಡ ಮನುಷ್ಯ?”

ಹಜಾರದಲ್ಲಿ ಊಟದ ಮೇಜಿನ ಮೇಲೆ ಅವಳ ಗಂಡ ಮಲಗಿದ್ದ, ಕುರ್ಚಿ ಕಾರ್ಖಾನೆಯ ಜೊತೆಗಾರರೇ ಹಲಗೆ ಉಜ್ಜಿ ಮಾಡಿಕೊಟ್ಟ ಪೆಟ್ಟಿಗೆಯಲ್ಲಿ. ಮುಂಜಾನೆ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ, ಅಷ್ಟೇ. ಹಿಂದೊಮ್ಮೆ ಅವನ ಬಲಗೈ ಹೆಬ್ಬೆರಳನ್ನು ಗರಗಸ ತಿಂದುಹಾಕಿತ್ತು. ಇದೇ ಡಾಕ್ಟರು ಅವನದೇ ಕಾಲಿನ ಬೆರಳೊಂದನ್ನು ತೆಗೆದು ಆ ಜಾಗಕ್ಕೆ ಕೂರಿಸಿದ್ದರು. ಅಂದಿನಿಂದ ಎಲ್ಲರ ಬಾಯಲ್ಲೂ ಅವನು ಬೊಟ್ಟಣ್ಣ. ‘ಬೊಟ್ಟಣ್ಣಂಗೆ ಕೈ ಕೈಕೊಟ್ಟಾಗ ಕಾಲು ಕೈಹಿಡೀತು’ ಎಂದು ಜೊತೆಗಾರರು ನಗುವರು, ಅವನೂ ನಗುವನು. ಅವಳಿಗೆ ಮಾತ್ರ ಆ ತಮಾಷೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಜೊತೆಗಾರರಲ್ಲಿ ಒಬ್ಬ ಪೆಟ್ಟಿಗೆಯ ಪಕ್ಕ ಬಂದು ನಿಂತ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ್ದರಿಂದ ಅವನ ಅಡ್ಡಹೆಸರು ಮೌನಿ. ಅವನ ಬಲಗೈ ಬ್ಯಾಂಡೇಜಿನಲ್ಲಿತ್ತು. ಅದೇ ಗರಗಸ, ಅದೇ ಹೆಬ್ಬೆರಳು.

“ನಾಳೆ ನಂದು ಆಪರೇಷನ್ನು ಅತ್ತಿಗೆ. ಮೋಟು ಬೆರಳನ್ನೇ ನೇರ್ಪು ಮಾಡಿ ಬಿಡೋದಾ, ಕಾಲಿಂದು ತಂದು ಕೂರಿಸೋದಾ, ನೀನೇ ಹೇಳು ಅಂದ್ರು ಡಾಕ್ಟ್ರು. ಬೊಟ್ಟಣ್ಣನ ದಾರೀನೇ ನನ್ನ ದಾರಿ ಅಂದ್ಬಿಟ್ಟೆ. ‘ಇರುವೆ ಕಚ್ಚಿದಷ್ಟೂ ನೋವಿಲ್ಲ ಕಣೋ’ ಅಂತ ಆಣೆ ಮಾಡಿ ಹೇಳಿದ್ದ.”

ಅವಳು ಪೆಟ್ಟಿಗೆಯತ್ತ ತಿರುಗಿದಳು. ಅಯ್ಯೋ ಪುಣ್ಯಾತ್ಮ, ಹೋಗುವಾಗಲೂ ಆ ಸುಳ್ಳನ್ನ ಇನ್ನೊಬ್ಬನ ಕೊರಳಿಗೆ ಗಂಟುಹಾಕಿ ಹೋದೆಯಲ್ಲ!

*

ಗಂಡನ ಬೆರಳು ಹೋದಾಗ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಹೆಬ್ಬೆರಳು ಹೋದವರಲ್ಲಿ ಕೆಲವರಿಗೆ ಕಾಲಿನ ಬೆರಳು, ಕೆಲವರಿಗೆ ಬರಿಯ ಹೊಲಿಗೆ. ಯಾರಿಗೆ ಯಾವುದು ಎನ್ನುವುದು ಚೀಟಿ ಎತ್ತಿದ ಹಾಗೆ. ಆಮೇಲೆ ವರ್ಷವರ್ಷವೂ ಕರೆಸಿ ಪರೀಕ್ಷೆ. ಬೆರಳು ಎಷ್ಟು ಬಗ್ಗುತ್ತದೆ, ಹಿಡಿತ ಎಷ್ಟಿದೆ ಎಂದು ಯಂತ್ರದಲ್ಲಿ ಅಳೆಯುವರು. ಕೊನೆಗೆ ಡಾಕ್ಟರು ಅವನ ಮುಖ ನೋಡಿ, “ನೋವಿದೆಯಾ?” ಎಂದು ಕೇಳುವರು.

ಪರೀಕ್ಷೆ ಹತ್ತಿರ ಬಂತೆಂದರೆ ಇವನು ಮನೆಯಲ್ಲಿ ರಬ್ಬರ್ ಚೆಂಡು ಹಿಸುಕಿ ಹಿಸುಕಿ ತಾಲೀಮು ಮಾಡುತ್ತಿದ್ದ, ಕುಸ್ತಿಗೆ ಹೊರಟವನ ಹಾಗೆ. ಅಲ್ಲಿ ಹಲ್ಲು ಕಚ್ಚಿ ಯಂತ್ರ ಅದುಮುವನು. ಮನೆಗೆ ಬಂದು ಕೈಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಮಗುವಿನಂತೆ ಮುಲುಗುವನು. ಚಳಿ ಬಿತ್ತೆಂದರೆ ಕೆಂಡ ಹಿಡಿದವನ ಪಾಡು. ಉಣ್ಣೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುತ್ತಿದ್ದ. ಅಂಗಿಯ ಗುಂಡಿಯನ್ನು ಅವಳೇ ಹಾಕಬೇಕಿತ್ತು.

“ಹೇಳಬಾರದಾ ಅವರಿಗೆ? ಬಾಯಿ ಬಿದ್ದುಹೋಗಿದೆಯಾ?” ಎಂದು ಅವಳು ಜಗಳ ತೆಗೆದಿದ್ದಳು.

“ಹೆಂಗೆ ಹೇಳ್ಲಿ? ಅನ್ನ ನೀರು ಬಿಟ್ಟು ಇಡೀ ದಿನ ನಿಂತು ಹೊಲಿದಿದಾರೆ. ನಾನು ಮಾಡಿದ ಕುರ್ಚೀಲಿ ಕೂತವನು ನನ್ನೆದುರೇ ‘ಬೆನ್ನು ನೋಯುತ್ತೆ’ ಅಂದ್ರೆ ನಂಗೆ ಹೆಂಗಾಗುತ್ತೆ ಹೇಳು? ಕೈಕೆಲಸ ಮಾಡಿದವರ ಮುಖದ ಮೇಲೆ ಹಂಗನ್ನಬಾರದು ಕಣೇ.”

ಒಮ್ಮೆ ಅವನನ್ನು ಡಾಕ್ಟರುಗಳ ಸಭೆಗೂ ಕರೆದೊಯ್ದಿದ್ದರು. ವೇದಿಕೆಯ ಮೇಲೆ ಅವನು ಎಲ್ಲರೆದುರು ಪೆನ್ನು ಎತ್ತಿ ತೋರಿಸಿದ. ಚಪ್ಪಾಳೆಯೋ ಚಪ್ಪಾಳೆ! ಆ ಕತೆಯನ್ನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಹುಟ್ಟಿದಂದಿನಿಂದ ಅವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅದು ಗೊತ್ತಿದ್ದೇ ಅವಳು ಬಾಯಿ ಮುಚ್ಚಿಕೊಂಡಿದ್ದಳು.

*

ಡಾಕ್ಟರು ಬಂದರು. ತಲೆ ನರೆತಿತ್ತು, ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಹೂವನ್ನು ಪೆಟ್ಟಿಗೆಯೊಳಗಿಟ್ಟು ನೆರೆದವರತ್ತ ತಿರುಗಿದರು.

“ನಮ್ಮ ಅಧ್ಯಯನದಲ್ಲೇ ಇದು ಅತ್ಯುತ್ತಮ ಕೈ. ಇದನ್ನ ನೋಡಿ ಧೈರ್ಯ ತಗೊಂಡವರು ಎಷ್ಟೋ ಜನ.” ಮೌನಿಯ ಭುಜ ತಟ್ಟಿದರು. “ನಾಳೆ ನೀವು. ಏನೂ ಹೆದರ್ಬೇಡಿ.”

“ಹೆದರ್ಲಿ!” ಎಂದಳು ಅವಳು. “ಹೆದರ್ಲಿ ಅವನು. ಅತ್ಯುತ್ತಮ ಅಂತೆ! ಅವರು ನಿಮಗೆ ಹೇಳಿದ್ದೆಲ್ಲ ಸುಳ್ಳು.”

 ಡಾಕ್ಟರಿಗೆ ಏನೂ ತಿಳಿಯಲಿಲ್ಲ. “ಪ್ರತಿ ಸಲ ನಾನೇ ಖುದ್ದಾಗಿ ಕೇಳಿದೀನಮ್ಮ. ನೋವಿಲ್ಲ ಅಂದಿದಾರೆ.”

“ಕೊಯ್ದವರೇ ಕೂತ್ಕೊಂಡು ನೋಯ್ತಾ ಅಂತ ಕೇಳಿದ್ರೆ ಯಾವ ಬಡಪಾಯಿ ಹೌದು ಅಂತಾನೆ ಸ್ವಾಮಿ? ನಿಮ್ಮ ಮುಖ ಬಾಡಬಾರದು ಅಂತ ಅಷ್ಟು ವರ್ಷ ಹಲ್ಲು ಕಚ್ಕೊಂಡಿದ್ರು. ಚಳೀಲಿ ಅವರು ಅಳೋದನ್ನ ನಾನು ನೋಡಿದೀನಿ, ನೀವಲ್ಲ. ಬಾಗಿಲಾಚೆ ಬೆಂಚಿನ ಮೇಲೆ ನಾನೂ ಕೂತಿರ್ತಿದ್ದೆ. ಒಂದೇ ಒಂದ್ಸಲ ನನ್ನ ಕೇಳಿದ್ರಾ?”

“ಅತ್ತಿಗೆ, ಸಾಕು!” ಮೈದುನ ಹಲ್ಲು ಕಡಿದ. “ಸತ್ತವನ ಮಾನ ಕಳೀಬೇಡಿ.”

“ಮಾನ ಪೆಟ್ಟಿಗೇಲಿಟ್ಟು ಮೊಳೆ ಹೊಡ್ಕೊ! ಇಲ್ಲೊಬ್ಬ ಬದುಕಿದಾನೆ, ಕಣ್ಣಿಗೆ ಕಾಣಲ್ವಾ?”

ಮೌನಿ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡ. “ಹಂಗಾದ್ರೆ ನಾನೇನ್ ಮಾಡ್ಲಿ ಅತ್ತಿಗೆ?”

“ನಂಗೇನಪ್ಪಾ ಗೊತ್ತು? ನಿಂಗೆ ನೋಯುತ್ತೋ ಬಿಡುತ್ತೋ. ಇರುವೆ ಕಚ್ಚಿದಷ್ಟೂ ಇಲ್ಲ ಅಂದಿದ್ದು ಮಾತ್ರ ಹಸೀ ಸುಳ್ಳು. ಅದನ್ನ ತಿಳ್ಕೊಂಡು ಆರಿಸ್ಕೊ.”

ಡಾಕ್ಟರು ಮೇಜಿನ ಅಂಚು ಹಿಡಿದು ನಿಂತರು. “ಉಳಿದವರೂ...” ಎಂದು ಶುರುಮಾಡಿ ನಿಲ್ಲಿಸಿದರು.

“ಉಳಿದವರನ್ನ ಅವರ ಮನೇಗೆ ಹೋಗಿ ಕೇಳಿ. ನೀವಲ್ಲ, ಕತ್ತರಿ ಹಿಡಿಯದವರನ್ನ ಕಳಿಸಿ.”

ಅಳು ಉಕ್ಕಿ ಬಂತು, ಅದಕ್ಕೂ ಅವಳಿಗೆ ಸಿಟ್ಟು ಬಂತು. ಗಂಡನ ಎದೆಯ ಮೇಲಿದ್ದ ಹೂವನ್ನೆಲ್ಲ ಬಾಚಿ ಪಕ್ಕಕ್ಕೆ ತಳ್ಳಿದಳು. ಡಾಕ್ಟರ ಮಣಿಕಟ್ಟು ಹಿಡಿದೆಳೆದು ಅವರ ಕೈಯನ್ನು ಆ ಬೆರಳಿನ ಮೇಲಿಟ್ಟಳು.

“ಹಿಡ್ಕೊಳ್ಳಿ. ಇವತ್ತು ಬರ್ಕೊಳ್ಳಿ ಬೇಕಾದ್ರೆ, ನೋವಿಲ್ಲ ಅಂತ.”

ಡಾಕ್ಟರು ಕೈ ಹಿಂದೆಗೆಯಲಿಲ್ಲ.  ಅಷ್ಟರಲ್ಲಿ ಅವರ ಬೆರಳುಗಳು, ಅವರಿಗೇ ತಿಳಿಯದಂತೆ, ಗೆಣ್ಣನ್ನು ಹುಡುಕಿಕೊಂಡು ಹೋದವು. ಒಂದು ಕೆಳಗೆ, ಒಂದು ಮೇಲೆ. ಎಷ್ಟು ಬಗ್ಗುತ್ತದೆಂದು ನೋಡಲು ಮೆಲ್ಲಗೆ ಒತ್ತಿದವು.

ಸೆಟೆದ ಬೆರಳು ಬಗ್ಗಲಿಲ್ಲ. ಡಾಕ್ಟರು ಇನ್ನೊಮ್ಮೆ ಒತ್ತಿದರು.